ಸಾಫ್ಟ್‌ವೇರಿಗೂ ಮಡಿ ಮೈಲಿಗೆ

2003ರ ಬೇಸಿಗೆಯಲ್ಲಿ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಉಗ್ರಾಣದಲ್ಲಿ ನಾವೊಂದು ಕಂಪ್ಯೂಟರ್ ಕೂರಿಸಿದೆವು. ನಾವೆಂದರೆ ರಾಜಾಜಿನಗರದ ಮನೆಯೊಂದರ ಮೊದಲ ಮಹಡಿಯಲ್ಲಿ, ಕೆಳಗಿನ ಬೇಕರಿಯ ಬನ್ನಿನ ವಾಸನೆ ಕುಡಿಯುತ್ತ ಕೆಲಸ ಮಾಡುತ್ತಿದ್ದ ಐದು ಜನರ ಕಂಪನಿ. ಬಟ್ಟೆಯ ರೋಲು ಬಂದಾಗ ತೂಕ, ಮೀಟರು, ಬಣ್ಣ ಬರೆದುಕೊಳ್ಳಬೇಕು. ಕಟಿಂಗ್ ವಿಭಾಗಕ್ಕೆ ಹೋಗುವಾಗ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿ ಹೊರಬರಬೇಕು. ಇಷ್ಟೇ ಕೆಲಸ. ವಿಷುಯಲ್ ಬೇಸಿಕ್ 6ರಲ್ಲಿ ಮೂರು ತಿಂಗಳು ಕೂತು ಬರೆದಿದ್ದೆವು. ಸ್ಟೋರ್ ಕೀಪರ್ ಎರಡೇ ದಿನಕ್ಕೆ ಲೆಡ್ಜರ್ ಮುಚ್ಚಿಟ್ಟ. ಯಜಮಾನರು ಬಂದು ನೋಡಿ, ‘ಪರವಾಗಿಲ್ಲ ಕಣಪ್ಪಾ, ಲೆಕ್ಕ ತಪ್ಪೋದು ನಿಂತಿದೆ’ ಎಂದು ಕಾಫಿ ತರಿಸಿದರು.

ಎರಡು ವಾರ ಕಳೆದು ಮತ್ತೆ ಕರೆ ಬಂತು. ಕ್ಯಾಲಿಫೋರ್ನಿಯಾದಿಂದ ಅಳಿಯ ರಜೆಗೆ ಬಂದಿದ್ದರು. ಅವರು ಪರದೆಯನ್ನು ನೋಡಲಿಲ್ಲ, ಚೀಟಿಯನ್ನೂ ನೋಡಲಿಲ್ಲ.

‘ಯಾವುದರಲ್ಲಿ ಬರೆದಿದ್ದೀರಿ?’

‘ವಿ.ಬಿ. ಸರ್.’

ಮಡಿಯುಟ್ಟವರಿಗೆ ಯಾರೋ ತಾಗಿದಾಗ ಮುಖ ಆಗುತ್ತದಲ್ಲ, ಹಾಗಾಯಿತು. ‘ವಿ.ಬಿ.ನಾ? ಮಾವ, ಇದನ್ನ ಜಾವಾದಲ್ಲಿ ಮಾಡಿಸಿ’ ಎಂದರು. ಯಜಮಾನರಿಗೆ ಜಾವಾ ಎಂದರೇನು ಎಂದು ಗೊತ್ತಿರಲಿಲ್ಲ. ಅಳಿಯಂದಿರು ಎಂದರೆ ಯಾರು ಎಂಬುದು ಚೆನ್ನಾಗಿ ಗೊತ್ತಿತ್ತು. ಬಾಕಿ ಹಣ ಅಲ್ಲಿಗೇ ನಿಂತಿತು.

ಈ ಊರಿನಲ್ಲಿ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆದವರೆಲ್ಲ ಇಂಥದೊಂದು ಕಥೆ ಹೇಳಬಲ್ಲರು. ಗ್ರಾಹಕನಿಗೆ ಬೇಕಾದದ್ದು ಕೆಲಸ. ಆದರೆ ಅವನು ಮೊದಲು ಕೇಳುವುದು ಉಪಕರಣದ ಹೆಸರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಊರು ಕೇಳಿ, ತಂದೆಯ ಹೆಸರು ಕೇಳಿ, ಕೊನೆಗೆ ‘ನಮ್ಮಲ್ಲಿ ಯಾವ ಪೈಕಿ?’ ಎಂಬಲ್ಲಿಗೆ ಬರುತ್ತಾರಲ್ಲ, ಹಾಗೆ. ಉತ್ತರ ಸಿಕ್ಕಿದ ಮೇಲೆ ಕೆಲಸದ ಗುಣ ನೋಡುವ ಅಗತ್ಯ ಅವರಿಗೆ ಕಾಣುವುದಿಲ್ಲ.

ಬೇಸಿಕ್‌ಗೆ ಈ ಮೈಲಿಗೆ ತಟ್ಟಿದ ಬಗೆ ಸ್ವಾರಸ್ಯಕರವಾಗಿದೆ. 1964ರ ಮೇ ತಿಂಗಳಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಗಣಿತದ ಮೇಷ್ಟ್ರುಗಳು, ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್, ಈ ಭಾಷೆಯನ್ನು ಮೊದಲ ಬಾರಿ ಓಡಿಸಿ ತೋರಿಸಿದರು. ಸಾಹಿತ್ಯ, ಇತಿಹಾಸ ಓದುವ ಹುಡುಗರಿಗೂ ಕಂಪ್ಯೂಟರು ಕೈಗೆಟುಕಬೇಕು ಎಂಬುದು ಅವರ ಹಂಬಲ. ಆಗಿನ ಕಂಪ್ಯೂಟರು ಗರ್ಭಗುಡಿಯಲ್ಲಿತ್ತು. ಅರ್ಚಕರನ್ನು ಬಿಟ್ಟು ಉಳಿದವರು ಹೊಸ್ತಿಲಾಚೆ ನಿಲ್ಲಬೇಕಿತ್ತು. ಕೆಮೆನಿ, ಕರ್ಟ್ಸ್ ಬಾಗಿಲು ತೆರೆದರು. ತೆರೆದ ಬಾಗಿಲಿನಿಂದ ಬಂದವರೆಲ್ಲ ಶಾಸ್ತ್ರ ಓದಿದವರಾಗಿರಲಿಲ್ಲ ಎನ್ನುವುದೂ ನಿಜ. 1975ರಲ್ಲಿ ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ ಒಂದು ಟಿಪ್ಪಣಿ ಬರೆದು, ಬೇಸಿಕ್ ಕಲಿತ ವಿದ್ಯಾರ್ಥಿಗಳ ಬುದ್ಧಿ ಮತ್ತೆ ರಿಪೇರಿಯಾಗದಷ್ಟು ಕೆಟ್ಟಿರುತ್ತದೆ ಎಂಬರ್ಥದ ತೀರ್ಪು ಕೊಟ್ಟರು. ಅದೇ ಟಿಪ್ಪಣಿಯಲ್ಲಿ, ಕೋಬಾಲ್ ಎಂಬ ಇನ್ನೊಂದು ಭಾಷೆಯನ್ನು ಕಲಿಸುವುದನ್ನೇ ಅಪರಾಧವೆಂದು ಎಣಿಸಬೇಕು ಎಂದರು. ಆತ ಸಾಮಾನ್ಯರಲ್ಲ, ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಹುಡುಕಲು ಅವರು ಕಂಡುಕೊಂಡ ವಿಧಾನ ಇಂದಿಗೂ ಪಠ್ಯದಲ್ಲಿದೆ. ದೊಡ್ಡವರ ಬೈಗುಳಕ್ಕೆ ಆಯುಷ್ಯವೂ ದೊಡ್ಡದು.

ಡೈಕ್‌ಸ್ಟ್ರಾ ಬೈದದ್ದು 1975ರ ಬೇಸಿಕ್ಕನ್ನು. ಪ್ರತಿ ಸಾಲಿಗೂ ನಂಬರು, ಒಂದು ಸಾಲಿನಿಂದ ಇನ್ನೊಂದಕ್ಕೆ ಮನಬಂದಂತೆ ನೆಗೆತ. ಮೈಕ್ರೋಸಾಫ್ಟ್ 1991ರಲ್ಲಿ ತಂದ ವಿಷುಯಲ್ ಬೇಸಿಕ್ ಬೇರೆಯೇ ವಸ್ತು. ಅಲನ್ ಕೂಪರ್ ಎಂಬಾತ ಕಟ್ಟಿದ್ದ, ಗುಂಡಿ, ಪೆಟ್ಟಿಗೆಗಳನ್ನು ಎಳೆದು ಪರದೆಯ ಮೇಲೆ ಇಡುವ ಸೌಲಭ್ಯಕ್ಕೆ ಬೇಸಿಕ್ಕನ್ನು ಜೋಡಿಸಿದ್ದು. 1998ರಲ್ಲಿ ಆರನೆಯ ಆವೃತ್ತಿ ಬರುವ ಹೊತ್ತಿಗೆ ಹಳೆಯ ಬೇಸಿಕ್‌ನ ಗುರುತು ಸಿಗದಷ್ಟು ಬದಲಾಗಿತ್ತು. ಮನೆತನದ ಹೆಸರು ಮಾತ್ರ ಹಾಗೇ ಇತ್ತು. ಅಷ್ಟು ಸಾಕಾಯಿತು.

ಇತ್ತ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಏನಾಗುತ್ತಿತ್ತು ನೋಡಿ. ಅದೇ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆ ತಂದು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಜಗತ್ತಿನ ಆಡಳಿತ ತಜ್ಞರೆಲ್ಲ ಬಂದು ನೋಡಿಕೊಂಡು ಹೋದ ಈ ಯೋಜನೆಯ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದವರು ಬರೆದದ್ದು ವಿಷುಯಲ್ ಬೇಸಿಕ್ 6ರಲ್ಲಿ, ಹಿಂದೆ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್. ಸಾಲಿನಲ್ಲಿ ನಿಂತ ರೈತ ನೋಡುತ್ತಿದ್ದದ್ದು ಸರ್ವೆ ನಂಬರು ಸರಿಯಿದೆಯೇ, ಅಪ್ಪನ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ ಎಂದು. ನನ್ನ ದೃಷ್ಟಿಯಲ್ಲಿ ಆ ರೈತನೇ ಸರಿಯಾದ ಗ್ರಾಹಕ.

ಆದರೂ ಪೀಣ್ಯದ ಅಳಿಯಂದಿರ ಮಾತನ್ನು ಸುಮ್ಮನೆ ತಳ್ಳಿಹಾಕಲು ಈಗ ಮನಸ್ಸು ಬರುವುದಿಲ್ಲ. ಆಗ ಅವರನ್ನು ಮನಸಾರೆ ಬೈದುಕೊಂಡಿದ್ದೆ. ಜಾವಾದಲ್ಲಿ ಮತ್ತೆ ಬರೆಯಲು ಎಂಟು ತಿಂಗಳು ಹಿಡಿಯಿತು. ಉಗ್ರಾಣದ ಬಡ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ತೆರೆದುಕೊಳ್ಳುವಷ್ಟರಲ್ಲಿ ಸ್ಟೋರ್ ಕೀಪರ್ ಒಂದು ಬೀಡಿ ಮುಗಿಸಿ ಬರುತ್ತಿದ್ದ. ಎಲ್ಲಕ್ಕಿಂತ ಕಾಡಿದ್ದು ಪ್ರಿಂಟರು. ವಿ.ಬಿ.ಯಲ್ಲಿ ಪೋರ್ಟಿಗೆ ನೇರವಾಗಿ ಅಕ್ಷರ ಕಳಿಸಿದರೆ ಚೀಟಿ ಸರ್ರನೆ ಬರುತ್ತಿತ್ತು. ಜಾವಾ ಪ್ರತಿ ಚೀಟಿಯನ್ನೂ ಚಿತ್ರ ಬರೆದಂತೆ ಬರೆಯಿಸುತ್ತಿತ್ತು. ಡಾಟ್ ಮ್ಯಾಟ್ರಿಕ್ಸ್ ಗರಗಸದಂತೆ ಕುಯ್ಯುತ್ತ ಒಂದೊಂದು ಗೆರೆಗೂ ಎರಡೆರಡು ಸಲ ಓಡಾಡುತ್ತಿತ್ತು. ಹೊರಗೆ ಲಾರಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಎರಡು ವಾರ ತಲೆ ಕೆರೆದುಕೊಂಡ ಮೇಲೆ, ಆ ಪ್ರಿಂಟರ್ ಪೋರ್ಟನ್ನೇ ಒಂದು ಫೈಲು ಎಂದು ನಂಬಿಸಿ ಅದರೊಳಗೆ ಅಕ್ಷರ ಸುರಿಯುವ ಉಪಾಯ ಹೊಳೆಯಿತು. ಆ ದಿನ ಬೇಕರಿಯಿಂದ ಐವರಿಗೂ ದಿಲ್‌ಪಸಂದ್ ಬಂತು.

ಇಷ್ಟೆಲ್ಲ ಪಾಡು ಪಡುತ್ತಿದ್ದಾಗ ಮೈಕ್ರೋಸಾಫ್ಟ್ ತಾನೇ ವಿ.ಬಿ.ಗೆ ಎಳ್ಳುನೀರು ಬಿಟ್ಟಾಗಿತ್ತು. 2002ರಲ್ಲಿ ಬಂದ ವಿ.ಬಿ. ಡಾಟ್‌ನೆಟ್ ಹೆಸರಿನಲ್ಲಿ ಮಾತ್ರ ವಿ.ಬಿ.; ಹಳೆಯ ಪ್ರೋಗ್ರಾಂಗಳನ್ನು ಅದಕ್ಕೆ ಸಲೀಸಾಗಿ ಸಾಗಿಸಲು ಆಗುತ್ತಿರಲಿಲ್ಲ. 2005ರಲ್ಲಿ ಮೈಕ್ರೋಸಾಫ್ಟಿನಿಂದಲೇ ಬಿರುದು ಪಡೆದ ಪರಿಣತರು ಸೇರಿ, ಹಳೆಯ ವಿ.ಬಿ.ಯನ್ನು ಉಳಿಸಿ ಎಂದು ಮನವಿಪತ್ರಕ್ಕೆ ಸಹಿ ಹಾಕಿದರು. ಕಂಪನಿ ಕಿವಿಗೆ ಹಾಕಿಕೊಳ್ಳಲಿಲ್ಲ. 2008ರ ಏಪ್ರಿಲ್‌ಗೆ ಅದರ ಬೆಂಬಲ ನಿಂತಿತು. ಅಂದರೆ ಅಳಿಯಂದಿರು ಹೇಳಿದ್ದು ಸರಿ. ಅವರು ಕೊಟ್ಟ ಕಾರಣ ಸರಿಯಿರಲಿಲ್ಲ, ಅಥವಾ ಅವರು ಕಾರಣವನ್ನೇ ಕೊಟ್ಟಿರಲಿಲ್ಲ. ಇನ್ನೊಂದು ತಮಾಷೆಯೆಂದರೆ, ಬೆಂಬಲ ನಿಂತ ಮೇಲೂ ಹಳೆಯ ವಿ.ಬಿ. ಪ್ರೋಗ್ರಾಂ ಓಡಲು ಬೇಕಾದ ಸಾಮಗ್ರಿಯನ್ನು ಮೈಕ್ರೋಸಾಫ್ಟ್ ವಿಂಡೋಸ್ 11ರ ತನಕ ಹೊತ್ತು ತಂದಿದೆ. ಅಷ್ಟು ಕಚೇರಿ, ಅಷ್ಟು ಕಾರ್ಖಾನೆಗಳು ಅದರ ಮೇಲೆ ಕೂತಿವೆ.

ಗ್ರಾಹಕನ ಪೂರ್ವಗ್ರಹದೊಳಗೆ ಒಂದು ಭಯ ಇರುತ್ತದೆ, ಅದಕ್ಕೆ ಭಾಷೆಯ ಹೆಸರು ಬರೀ ಹೊದಿಕೆ. ಈ ಹುಡುಗರು ನಾಳೆ ಅಂಗಡಿ ಮುಚ್ಚಿಕೊಂಡು ಹೋದರೆ ನನ್ನ ಗತಿಯೇನು? ಈ ಭಾಷೆ ಬಲ್ಲವರು ಬೇರೆ ಸಿಗುತ್ತಾರೆಯೇ? ಎಡವಟ್ಟಾದರೆ ಮೇಲಿನವರಿಗೆ ಏನು ಹೇಳಲಿ? ಐಬಿಎಂ ಮಾಲು ಕೊಂಡು ಕೆಲಸ ಕಳೆದುಕೊಂಡವರಿಲ್ಲ ಎಂಬ ಮಾತು ಈ ಉದ್ಯಮದಲ್ಲಿ ನಾವು ಹುಟ್ಟುವ ಮೊದಲಿನಿಂದ ಓಡಾಡುತ್ತಿದೆ. ಮದುವೆ ಮನೆಗೆ ಹೆಸರಾಂತ ಅಡುಗೆಯವರನ್ನೇ ಕರೆಸುವವರ ಲೆಕ್ಕವೂ ಇದೇ. ಹುಳಿಗೆ ಉಪ್ಪು ಹೆಚ್ಚಾದರೆ ಬೈಗುಳ ಅಡುಗೆಯವರಿಗೆ ಹೋಗುತ್ತದೆ. ಗಲ್ಲಿಯ ಹುಡುಗನನ್ನು ಕರೆಸಿದ್ದರೆ ಹೆಣ್ಣಿನ ತಂದೆಗೆ ಬರುತ್ತದೆ.

ಭಯಕ್ಕೆ ಮದ್ದುಂಟು. ಹಳಸಿದ ತಿಳಿವಳಿಕೆಗೆ ಮದ್ದು ಕಷ್ಟ. ಪಿಎಚ್‌ಪಿಯ ಕಥೆ ಅದು. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಸ್ವಂತ ಜಾಲಪುಟಕ್ಕೆಂದು ಬರೆದುಕೊಂಡ ಸಣ್ಣಪುಟ್ಟ ಸಾಧನಗಳು ಬೆಳೆದು ಭಾಷೆಯಾದವು. ಯಾರೂ ನಕ್ಷೆ ಹಾಕಿ ಕಟ್ಟಿದ್ದಲ್ಲ. ಹಳ್ಳಿಯ ಮನೆಯಂತೆ ಮಗ ಹುಟ್ಟಿದಾಗ ಒಂದು ಕೋಣೆ, ಸೊಸೆ ಬಂದಾಗ ಒಂದು ಪಡಸಾಲೆ. ಅದರ ಆರಂಭದ ದೋಷಗಳು ಕಟ್ಟುಕಥೆಯಲ್ಲ. ವಿಳಾಸಪಟ್ಟಿಯಲ್ಲಿ ಹೊರಗಿನವರು ಏನು ಟೈಪಿಸಿದರೂ ಅದು ನೇರವಾಗಿ ಪ್ರೋಗ್ರಾಮಿನೊಳಗಿನ ಹೆಸರುಗಳಿಗೆ ತುಂಬಿಕೊಳ್ಳುವ ಒಂದು ಏರ್ಪಾಡಿತ್ತು. ಮುಂಬಾಗಿಲಿಗೆ ಚಿಲಕ ಹಾಕದೆ ಜಾತ್ರೆಗೆ ಹೋದ ಹಾಗೆ. 2002ರಲ್ಲಿ ಅದನ್ನು ಮುಚ್ಚಿಡುವುದು ವಾಡಿಕೆಯಾಯಿತು, 2012ರಲ್ಲಿ ಕಿತ್ತೇ ಹಾಕಿದರು. 2015ರ ಕೊನೆಯಲ್ಲಿ ಬಂದ ಏಳನೆಯ ಆವೃತ್ತಿ ವೇಗದಲ್ಲಿ ಹಿಂದಿನದನ್ನು ಬಹಳ ದೂರ ಬಿಟ್ಟಿತು. ಇದಾದ ಎಷ್ಟೋ ವರ್ಷಗಳ ಮೇಲೆ ಕೂಡ, ‘ಪಿಎಚ್‌ಪಿ ಸುರಕ್ಷಿತವಲ್ಲ ಅಂತಾರಲ್ಲ’ ಎಂದು ರಾಗ ಎಳೆಯುವ ಗ್ರಾಹಕರ ಎದುರು ನಾನು ಕೂತಿದ್ದೇನೆ. ಯಾರು ಅಂತಾರೆ, ಯಾವಾಗ ಅಂದರು ಎಂದು ಕೇಳಿದರೆ ಉತ್ತರವಿಲ್ಲ.

ಆ ಮಾತು ಹೇಳುವವರ ಕೈಯಲ್ಲಿದ್ದ ಫೋನಿನ ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ, ಪಿಎಚ್‌ಪಿಯಲ್ಲೇ. ಜನ ಹೆಚ್ಚಿ ಭಾರ ತಾಳದಾದಾಗ ಫೇಸ್‌ಬುಕ್ಕಿನವರು ಆ ಭಾಷೆಯನ್ನು ಬಿಸಾಡಿ ಓಡಲಿಲ್ಲ. ಮೊದಲು ಅದನ್ನು ಸಿ++ ಆಗಿ ಪರಿವರ್ತಿಸುವ ಯಂತ್ರ ಮಾಡಿಕೊಂಡರು, 2014ರಲ್ಲಿ ಅದರಿಂದಲೇ ಹ್ಯಾಕ್ ಎಂಬ ಭಾಷೆ ತೆಗೆದರು. ವಿಕಿಪೀಡಿಯ 2002ರಿಂದ ಓಡುತ್ತಿರುವುದು ಪಿಎಚ್‌ಪಿಯಲ್ಲಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಪುಟಗಳೂ ಅದೇ ಒಲೆಯ ಅಡುಗೆ.

ಹಾಗಾದರೆ ಗ್ರಾಹಕನಿಗೆ ಈ ಮಡಿ ಕಲಿಸಿದವರು ಯಾರು? ಇಲ್ಲಿ ನಾನು ತಲೆ ತಗ್ಗಿಸಬೇಕು. ಕಲಿಸಿದವರು ನಾವೇ. ಡೈಕ್‌ಸ್ಟ್ರಾ ಗ್ರಾಹಕರಾಗಿರಲಿಲ್ಲ. ಬೆಂಗಳೂರಿನ ಸರ್ವೀಸ್ ಕಂಪನಿಗಳ ರೇಟ್ ಕಾರ್ಡ್ ನೋಡಿದವರಿಗೆ ಗೊತ್ತು, ಭಾಷೆಗೊಂದು ದರ. ಹೆಚ್ಚಿನ ದರದ ಭಾಷೆಯನ್ನು ಶ್ರೇಷ್ಠವೆಂದು ಹೊಗಳಿ ಮಾರಿದವರು ನಮ್ಮದೇ ಸೇಲ್ಸ್‌ನವರು. ಹಾಗೆ ಮಾರಿ, ನಾಲ್ಕು ವರ್ಷದ ನಂತರ ‘ಇದು ಲೆಗಸಿಯಾಯಿತು ಸರ್, ಹೊಸದಕ್ಕೆ ಹೋಗಬೇಕು’ ಎಂದು ಮತ್ತೆ ಮಾರಿದವರೂ ಅವರೇ. ಎರಡು ಸಾವಿರ ಇಸವಿಯ ದಿನಾಂಕದ ಗೊಂದಲ ಬಂದಾಗ ಕೋಬಾಲ್ ತಿದ್ದುವ ಕೆಲಸವೇ ಭಾರತದ ಎಷ್ಟೋ ಕಂಪನಿಗಳಿಗೆ ಅಮೆರಿಕದ ಬಾಗಿಲು ತೆರೆಯಿತು. ಆ ಹಣದಲ್ಲಿ ಕಟ್ಟಿದ ಕ್ಯಾಂಪಸ್ಸುಗಳಲ್ಲೇ, ಕೋಬಾಲ್ ಪ್ರಾಜೆಕ್ಟಿಗೆ ಹಾಕಿದರೆ ಹೊಸ ಹುಡುಗರು ಶಿಕ್ಷೆಯ ವರ್ಗಾವಣೆ ಸಿಕ್ಕ ಗುಮಾಸ್ತರಂತೆ ಮುಖ ಬಾಡಿಸಿಕೊಳ್ಳುತ್ತಿದ್ದರು. 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಭಾರಕ್ಕೆ ಹಳೆಯ ಯಂತ್ರಗಳು ಬಸವಳಿದಾಗ, ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲವರು ಸಹಾಯಕ್ಕೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಂಡರು.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 2011ರಲ್ಲಿ, ಆ ಹೊತ್ತಿಗೆ ದೊಡ್ಡದೊಂದು ಕಂಪನಿ ಸೇರಿ ಇಂಟರ್‌ವ್ಯೂ ತೆಗೆದುಕೊಳ್ಳುವ ಕುರ್ಚಿಯಲ್ಲಿದ್ದೆ. ಹಾಸನದ ಕಡೆಯ ಹುಡುಗನೊಬ್ಬನ ಅರ್ಜಿಯಲ್ಲಿ ಮೂರು ವರ್ಷ ಪಿಎಚ್‌ಪಿ ಎಂದಿತ್ತು. ಓದದೆ ಪಕ್ಕಕ್ಕಿಟ್ಟೆ. ಅವನು ಏನು ಮಾಡಿದ್ದ ಎಂದು ನೋಡಲೇ ಇಲ್ಲ. ಪೀಣ್ಯದ ಅಳಿಯಂದಿರು ನೆನಪಾಗಲಿಲ್ಲ. ಅದೇ ಸಂಜೆ ಮಗಳ ಹುಟ್ಟುಹಬ್ಬದ ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕಿ ಖುಷಿಪಟ್ಟೆ.

ಜಾಣರು ಗ್ರಾಹಕನಿಗೆ ಒಲೆಯನ್ನೇ ತೋರಿಸುವುದಿಲ್ಲ. ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ 1995ರಲ್ಲಿ ವಯಾವೆಬ್ ಎಂಬ ಕಂಪನಿ ಕಟ್ಟಿ, ಅಂಗಡಿಗಳವರು ಜಾಲದಲ್ಲಿ ಮಾರಾಟ ಮಾಡುವ ಸೌಲಭ್ಯ ಕೊಟ್ಟರು. ಬರೆದದ್ದು ಲಿಸ್ಪ್‌ನಲ್ಲಿ. ವಿಶ್ವವಿದ್ಯಾಲಯಗಳ ಆಚೆ ಯಾರೂ ಮುಟ್ಟದ, ಬರೀ ಆವರಣ ಚಿಹ್ನೆಗಳ ಭಾಷೆ ಎಂದು ಗೇಲಿಗೊಳಗಾದದ್ದು. ಪ್ರೋಗ್ರಾಂ ತಮ್ಮದೇ ಸರ್ವರಿನಲ್ಲಿ ಓಡುತ್ತಿದ್ದರಿಂದ ಅದರ ಕುಲಗೋತ್ರ ಕೇಳುವ ಪ್ರಸಂಗ ಗ್ರಾಹಕನಿಗೆ ಬರಲಿಲ್ಲ. ಪ್ರತಿಸ್ಪರ್ಧಿಗಳು ಯಾವ ಭಾಷೆಯವರನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ ಎಂದು ಜಾಹೀರಾತು ನೋಡಿ ಅವರ ಬಲ ಅಳೆಯುತ್ತಿದ್ದೆವು ಎಂದು ಗ್ರಹಾಂ ಮುಂದೆ ಬರೆದುಕೊಂಡರು. ಯಾಹೂ 1998ರಲ್ಲಿ ಅದನ್ನು ಸುಮಾರು 4.9 ಕೋಟಿ ಡಾಲರಿಗೆ ಕೊಂಡಿತು. ಕೆಲವು ವರ್ಷಗಳಲ್ಲಿ ಸಿ++ ಮತ್ತು ಪರ್ಲ್‌ನಲ್ಲಿ ಮತ್ತೆ ಬರೆಸಿತು. ಗ್ರಾಹಕ ಕೇಳದಿದ್ದ ಪ್ರಶ್ನೆಯನ್ನು ಮನೆ ಕೊಂಡವನು ಕೇಳಿದ.

ಇಷ್ಟು ಹೇಳಿ, ಭಾಷೆ ಯಾವುದಾದರೂ ಒಂದೇ ಎಂದುಬಿಟ್ಟರೆ ನಾನು ಸುಳ್ಳುಗಾರನಾಗುತ್ತೇನೆ. ಪಾತ್ರೆ ಯಾವುದಾದರೇನು, ಸಾರು ರುಚಿಯಿದ್ದರಾಯಿತು ಎನ್ನುವವರು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಹುಳಿ ಕುದಿಸಿ ನೋಡಲಿ. ಸಿ, ಸಿ++ ಭಾಷೆಗಳಲ್ಲಿ ಮೆಮೊರಿಯ ಉಸ್ತುವಾರಿ ಬರೆಯುವವನ ತಲೆಗೇ ಬಿಟ್ಟದ್ದು. ಒಂದು ಅಂಗುಲ ತಪ್ಪಿದರೂ ಕಳ್ಳನಿಗೆ ಕಿಂಡಿ. ತಾನು ವರ್ಷವರ್ಷ ತೇಪೆ ಹಾಕುವ ಸುರಕ್ಷತಾ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಈ ಜಾತಿಯವು ಎಂದು ಮೈಕ್ರೋಸಾಫ್ಟೇ 2019ರಲ್ಲಿ ಹೇಳಿತು. 2024ರ ಫೆಬ್ರುವರಿಯಲ್ಲಿ ಶ್ವೇತಭವನದ ಸೈಬರ್ ಕಚೇರಿ, ಇಂಥ ದೋಷಕ್ಕೆ ಅವಕಾಶ ಕೊಡದ ಭಾಷೆಗಳಿಗೆ ಬದಲಾಗಿ ಎಂದು ಉದ್ಯಮಕ್ಕೆ ಕರೆ ಕೊಟ್ಟಿತು. ಇದನ್ನು ಓದಿ ಬಂದ ಗ್ರಾಹಕ ಅಂಥದೊಂದು ಭಾಷೆಯ ಹೆಸರು ಹಿಡಿದು ‘ರಸ್ಟ್‌ನಲ್ಲಿ ಮಾಡಿ’ ಎಂದರೆ ಅದು ಮಡಿಯಲ್ಲ, ಕಲಾಯಿ ಕೇಳುವುದು. ಅವನ ಬಳಿ ಕಾರಣವಿದೆ, ತಾರೀಕಿದೆ.

ಆದರೆ ಕಲಾಯಿ ಹಾಕಿಸಿದ ಮಾತ್ರಕ್ಕೆ ಅಡುಗೆ ಬಂದಂತಲ್ಲ. ಅಮೆರಿಕದ ರಕ್ಷಣಾ ಇಲಾಖೆಗಿಂತ ದೊಡ್ಡ ಗ್ರಾಹಕ ಬೇಕೇ? ತನ್ನ ಯೋಜನೆಗಳಲ್ಲಿ ನೂರಾರು ಭಾಷೆಗಳು ಬೆರೆತು ಕಲಸುಮೇಲೋಗರವಾದದ್ದನ್ನು ಕಂಡು, ಅದು ಏಡಾ ಎಂಬ ಹೊಸ ಭಾಷೆಯನ್ನೇ ಮಾಡಿಸಿಕೊಂಡಿತು. 1991ರಲ್ಲಿ ಅದನ್ನೇ ಬಳಸಬೇಕು ಎಂಬ ಕಾನೂನು ಜಾರಿಗೆ ಬಂತು. 1997ರಲ್ಲಿ ಇಲಾಖೆಯೇ ಆ ಕಟ್ಟುಪಾಡು ಕೈಬಿಟ್ಟಿತು. ಎಚ್ಚರಿಕೆಗೆ ಹೆಸರಾದ ಅದೇ ಏಡಾದಲ್ಲಿ ಯುರೋಪಿನವರು ಏರಿಯಾನ್ 5 ರಾಕೆಟ್ಟಿನ ದಾರಿ ಹಿಡಿಯುವ ಪ್ರೋಗ್ರಾಂ ಬರೆದಿದ್ದರು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂದಿಂದ ಮೇಲೇರಿದ ಅದು ಒಂದು ನಿಮಿಷ ಪೂರ್ತಿಯಾಗುವ ಮೊದಲೇ ಛಿದ್ರವಾಯಿತು. ಹಿಂದಿನ ಏರಿಯಾನ್ 4ರ ಕೋಡನ್ನು ಹಾಗೇ ತಂದಿದ್ದರು. ಹೊಸ ರಾಕೆಟ್ಟಿನ ವೇಗದ ಅಂಕಿ, ಹಳೆಯ ಕೋಡು ಬಿಟ್ಟಿದ್ದ 16 ಬಿಟ್ ಜಾಗದಲ್ಲಿ ಹಿಡಿಸಲಿಲ್ಲ. ಆ ಅಂಕಿಗೆ ಕಾವಲು ಬೇಡವೆಂದು ತೀರ್ಮಾನಿಸಿದವರು ಮನುಷ್ಯರು.

ಪೀಣ್ಯದ ಕಥೆಗೆ ಬಾಲವೊಂದು ಉಳಿದಿದೆ. 2009ರಲ್ಲಿ ನಮ್ಮ ಐದು ಜನರ ಕಂಪನಿ ಬಾಗಿಲು ಹಾಕಿತು. ಯಜಮಾನರು ಹೆದರಿದ್ದಂತೆಯೇ ಆಯಿತು. ಮೂರು ತಿಂಗಳ ಮೇಲೆ ತುಮಕೂರಿನ ಹುಡುಗನೊಬ್ಬ ಆ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದಾನೆಂದು ತಿಳಿಯಿತು. ಜಾವಾ ಆದ್ದರಿಂದ ಬೇಗ ಆಳು ಸಿಕ್ಕಿದ್ದೇನೋ ಹೌದು. ಕುತೂಹಲಕ್ಕೆ ಹೋಗಿ ಅವನನ್ನು ಮಾತಾಡಿಸಿದೆ. ‘ಭಾಷೆಯೇನು ಬಿಡಿ ಸರ್, ಸಿ.ಡಿ. ಇತ್ತಲ್ಲ, ಬಚಾವಾದೆ’ ಎಂದ. ಪ್ರತಿ ಬದಲಾವಣೆಯ ಮೇಲೂ ಪೂರ್ತಿ ಸೋರ್ಸ್ ಕೋಡನ್ನು ಸಿ.ಡಿ.ಗೆ ಹಾಕಿಸಿ, ಸಹಿ ಹಾಕಿಸಿಕೊಂಡು, ಗೋದ್ರೆಜ್ ಬೀರುವಿನಲ್ಲಿ ಇಡುತ್ತಿದ್ದವನು ಆ ಬೀಡಿ ಸೇದುವ ಸ್ಟೋರ್ ಕೀಪರ್. ಜತೆಗೊಂದು ನೂರು ಪುಟದ ನೋಟ್‌ಬುಕ್. ಯಾವ ಕೋಷ್ಟಕದಲ್ಲಿ ಏನಿದೆ ಎಂದು ನಮ್ಮಿಂದ ಕೇಳಿ ಕೇಳಿ ಕನ್ನಡದಲ್ಲಿ ಬರೆದಿಟ್ಟಿದ್ದ. ಇದನ್ನು ಮಾಡು ಎಂದು ಅವನಿಗೆ ಹೇಳಿದವರು ಯಾರೂ ಇಲ್ಲ.

ನಿಮ್ಮ ಅಂಗಡಿಗೋ ಶಾಲೆಗೋ ಸಹಕಾರ ಸಂಘಕ್ಕೋ ಸಾಫ್ಟ್‌ವೇರ್ ಬರೆಸುವವರಿದ್ದರೆ, ಯಾವ ಭಾಷೆ ಎಂದು ಧಾರಾಳವಾಗಿ ಕೇಳಿ. ಕೇಳಿದ ಮೇಲೆ, ಸೋರ್ಸ್ ಕೋಡು ನಮ್ಮ ಕೈಗೆ ಕೊಡುತ್ತೀರಾ ಎಂದೂ ಕೇಳಿ, ಕೊಡುತ್ತೇವೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಮೊದಲನೆಯ ಪ್ರಶ್ನೆಯನ್ನು ನಾನು ಈ ಇಪ್ಪತ್ತೈದು ವರ್ಷಗಳಲ್ಲಿ ಕೇಳದ ತಿಂಗಳಿಲ್ಲ. ಎರಡನೆಯದನ್ನು ಕೇಳಿದ ಗ್ರಾಹಕರು ನಾಲ್ಕೇ ಜನ.